ಕ್ಯೂಆರ್ ಹುಡುಕಾಟ: ಮಾಸ್ತರರಿಗೊಂದು ಬಳಕೆಯ ಕೈಪಿಡಿ

ಆಟ ಶುರು ಮಾಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸರಿನ ಕೈಪಿಡಿಯನ್ನು ಬಿಚ್ಚದೆ ಕಪಾಟಿನ ಮೇಲೆ ಎಸೆದವರೂ ಇದನ್ನು ಓದಲೇಬೇಕು. ಮಿಕ್ಸರ್ ಕೆಟ್ಟರೆ ಒಂದು ದಿನದ ಚಟ್ನಿ ಹೋಗುತ್ತದೆ, ಈ ಆಟ ಕೆಟ್ಟರೆ ಒಂದು ಶಾಲೆಯ ಹುಡುಗರೆಲ್ಲ ಊರು ತುಂಬ ಚೆಲ್ಲಿ ಹೋಗುತ್ತಾರೆ. ಈ ಆವೃತ್ತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗೆ ಮಾತ್ರ ಅನ್ವಯ. ಸೀಮೆ ಎಂದದ್ದಕ್ಕೆ ಕಾರಣವಿದೆ: ಒಂದು ಕಾಲಕ್ಕೆ ವಿಜಯಪುರ ತಾಲೂಕು ಬಿಟ್ಟರೆ ಜಿಲ್ಲೆ ಅಂದರೆ ಈ ನಾಲ್ಕೇ ತಾಲೂಕು. ಈಗ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಲ್ಲವೂ ಬೇರೆ ಮನೆ ಮಾಡಿವೆ. ಅಲ್ಲಿನ ಮಾಸ್ತರರು ಸಿಟ್ಟಾಗಬಾರದು, ಕೈಪಿಡಿ ಹಳೆಯ ನಕಾಶೆ ನೋಡಿ ಬರೆದದ್ದು.

ಉತ್ಪನ್ನದ ಪರಿಚಯ

ಊರೊಳಗೆ ಎಂಟು ಹತ್ತು ಕಡೆ ಕ್ಯೂಆರ್ ಚೀಟಿ ಹಚ್ಚುವುದು. ಹುಡುಗರು ತಂಡ ಕಟ್ಟಿಕೊಂಡು ಹೋಗಿ ಒಂದನ್ನು ಸ್ಕ್ಯಾನ್ ಮಾಡಿದರೆ ಅದರಲ್ಲಿ ಮುಂದಿನ ಜಾಗದ ಸುಳಿವು. ಕೊನೆಯ ಜಾಗದಲ್ಲಿ ಬಹುಮಾನ. ಇಷ್ಟೇ.

ಹೆಸರಿನ ವಿಷಯದಲ್ಲಿ ಮಾತ್ರ ಹುಷಾರು. ಇದಕ್ಕೆ ‘ನಿಧಿ ಶೋಧ’ ಅಂತ ಬ್ಯಾನರ್ ಬರೆಸಬೇಡಿ. ಹಳೆಯ ಗುಡಿ, ಹಾಳು ಕೋಟೆ ಇರುವ ನಮ್ಮ ಊರುಗಳಲ್ಲಿ ಆ ಶಬ್ದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ಅಮಾವಾಸ್ಯೆ ರಾತ್ರಿ ಗುದ್ದಲಿ, ಲಿಂಬೆಹಣ್ಣು, ಕುಂಕುಮ ಹಿಡಿದುಕೊಂಡು ಬಂದು ಲಿಂಗದ ಬುಡ ಅಗೆಯುವ ಜನ ಅವರು. ಶಾಲೆಯವರು ಗುಡಿಯ ಹಿಂದೆ ಏನೋ ಹುಡುಕುತ್ತಿದ್ದಾರಂತೆ ಎಂಬ ಸುದ್ದಿ ಸಂಜೆಯೊಳಗೆ ಮೂರು ಊರು ದಾಟುತ್ತದೆ, ಮರುದಿನ ಠಾಣೆಯಿಂದ ಒಬ್ಬರು ಬರುತ್ತಾರೆ. ‘ಹುಡುಕಾಟ’ ಅನ್ನಿ. ಕಳೆದ ಆಡಿನ ಮರಿಯನ್ನು ಹುಡುಕುತ್ತಿದ್ದಾರೆ ಅಂದುಕೊಂಡು ಜನ ಸಹಾಯಕ್ಕೂ ಬರುತ್ತಾರೆ.

‘ಇದೆಲ್ಲ ನಮ್ಮ ಕಡೆ ಆಗೂದಲ್ರಿ’

ಸಹೋದ್ಯೋಗಿಗಳು ಮೊದಲು ಹೇಳುವ ಮಾತು ಇದು. ಉತ್ತರ ಭೀಮಾ ನದಿಯ ಆಚೆ ದಂಡೆಯಲ್ಲಿದೆ, ದೂರವೇನಲ್ಲ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಳೆ ಎಂಬ ಮಾಸ್ತರರು ಹೋದಾಗ ಆ ಶಾಲೆ ದನದ ಕೊಟ್ಟಿಗೆ ಮತ್ತು ಉಗ್ರಾಣದ ನಡುವೆ ಸಿಕ್ಕಿಕೊಂಡ ಹಾಳು ಕಟ್ಟಡವಾಗಿತ್ತು. ಹುಡುಗಿಯರ ಮನೆಮಾತು ಹೆಚ್ಚಾಗಿ ಕನ್ನಡ, ಪುಸ್ತಕದ ಮಾತು ಬೇರೆ. ಮಾಸ್ತರರು ತಾವೇ ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮತ್ತೆ ಕಟ್ಟಿದರು, ಪುಟಪುಟದಲ್ಲಿ ಕ್ಯೂಆರ್ ಕೋಡ್ ಹಚ್ಚಿದರು. ಸ್ಕ್ಯಾನ್ ಮಾಡಿದರೆ ಪದ್ಯ, ಕಥೆ, ಪಾಠ ಎಲ್ಲ ಕನ್ನಡದಲ್ಲಿ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ತರಗತಿಗಳ ಪುಸ್ತಕಕ್ಕೂ ಕ್ಯೂಆರ್ ತಂದಿತು. 2020ರ ಡಿಸೆಂಬರಿನಲ್ಲಿ ಡಿಸಳೆಯವರಿಗೆ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಬಂತು. ಅರ್ಧದಷ್ಟನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ಈ ಕೊನೆಯ ಭಾಗ ಕೇಳಿದ ಮೇಲೆ ‘ಆಗೂದಲ್ರಿ’ ಅಂದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆ ಹೊತ್ತಿನಲ್ಲಿ ಅವರ ಫೋನ್ ಇಸಿದುಕೊಳ್ಳಿ.

ನಮ್ಮ ಕರ್ನಾಟಕದ ಪಠ್ಯಪುಸ್ತಕಗಳಲ್ಲೂ ದೀಕ್ಷಾದ ಕ್ಯೂಆರ್ ಇದೆ, ಅದರ ಕೆಳಗೆ ಆರು ಅಕ್ಷರಗಳ ಒಂದು ಸಂಕೇತವೂ ಇರುತ್ತದೆ. ಕ್ಯಾಮೆರಾ ಕೈಕೊಟ್ಟರೆ ಆ ಆರಕ್ಷರ ಟೈಪ್ ಮಾಡಿದರೂ ಪಾಠ ತೆರೆಯುತ್ತದೆ. ಈ ಬುದ್ಧಿವಂತಿಕೆಯನ್ನು ಧಾರಾಳವಾಗಿ ಕದಿಯಿರಿ. ಪ್ರತಿ ಚೀಟಿಯ ಕೆಳಗೆ ಒಂದು ಅಂಕಿ ಬರೆದಿಡಿ. ಫೋನ್ ಸತ್ತ ತಂಡ ಆ ಅಂಕಿ ಓದಿಕೊಂಡು ನಿಮ್ಮ ಹತ್ತಿರ ಓಡಿಬಂದು ಸುಳಿವು ಕೇಳಿ ಪಡೆಯಲಿ.

ಬೇಕಾಗುವ ಸಾಮಗ್ರಿ

ತಂಡಕ್ಕೊಂದು ಮೊಬೈಲ್. ಹುಡುಗರು ಶಾಲೆಗೆ ಮೊಬೈಲ್ ತರಬಾರದು ಅಂತ ನೀವೇ ಪ್ರಾರ್ಥನೆಯ ಹೊತ್ತಿಗೆ ಹೇಳುತ್ತ ಬಂದಿದ್ದೀರಿ, ಆದ್ದರಿಂದ ಫೋನು ಮಾಸ್ತರರದು, ಅಕ್ಕೋರದು, ಇಲ್ಲವೇ ಎಸ್‌ಡಿಎಂಸಿ ಸದಸ್ಯರದು. ಕೊಡುವ ಮೊದಲು ವಾಟ್ಸ್ಆ್ಯಪ್ ಮುಚ್ಚಿ, ಫೋನ್‌ಪೇಗೆ ಬೀಗ ಹಾಕಿ. ‘ಅರ್ಜೆಂಟ್ ಮಾಹಿತಿ, ಇವತ್ತ ಸಂಜಿಯೊಳಗ’ ಎಂಬ ಕರೆ ನಡುವೆ ಬಂದೇ ಬರುತ್ತದೆ. ಅದನ್ನು ಆರನೆಯ ತರಗತಿಯ ಹುಡುಗ ಎತ್ತಿ ‘ಮಾಸ್ತರರು ಆಟ ಆಡಾಕತ್ಯಾರ್ರಿ’ ಎಂದು ಹೇಳದ ಹಾಗೆ ಮೊದಲೇ ತಾಕೀತು ಮಾಡಿ.

ಬಿಳಿ ಹಾಳೆ, ಕಪ್ಪು ಮುದ್ರಣ. ಹಳದಿ ಮೇಲೆ ಕೇಸರಿ, ನಡುವೆ ಬಸವಣ್ಣನವರ ಚಿತ್ರ, ಸುತ್ತಲೂ ಹೂಬಳ್ಳಿ ಎಂದು ಡಿಟಿಪಿ ಅಂಗಡಿಯ ಹುಡುಗ ಉತ್ಸಾಹ ತೋರಿಸಿದರೆ ತಡೆಯಿರಿ. ಕೋಡಿನ ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಬೇಕು, ಹೂಬಳ್ಳಿ ಅಲ್ಲಿಗೇ ಹೋಗಿ ಕೂಡುತ್ತದೆ. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತನೆಯ ಒಂದು ಪಾಲಿನಷ್ಟು ಕೋಡ್ ಅಗಲವಿರಲಿ. ಲ್ಯಾಮಿನೇಶನ್ ಬೇಡ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ನಮ್ಮ ಬಿಸಿಲು ಬಿದ್ದರೆ ಕ್ಯಾಮೆರಾಗೆ ಸೂರ್ಯ ಮಾತ್ರ ಕಾಣುತ್ತಾನೆ. ಚಳಿಗಾಲದಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆ ಇಡೀ ದಿನ ನೆರಳಲ್ಲಿರುತ್ತದೆ, ಅಲ್ಲೇ ಹಚ್ಚಿ.

ಯಂತ್ರದ ಒಳಗೆ ಏನಿದೆ

ಕ್ಯೂಆರ್ ಹುಟ್ಟಿದ್ದು ಶಾಲೆಗಾಗಿ ಅಲ್ಲ, ಚಹಾದಂಗಡಿಗಾಗಿಯೂ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಎಂಬ ಎಂಜಿನಿಯರ್ ಮತ್ತು ಅವರ ತಂಡ ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡ್ ಓದಿಸಿ ಕಾರ್ಮಿಕರು ಬೇಸತ್ತಿದ್ದರು. ಕಪ್ಪು ಬಿಳಿ ಕಾಯಿಗಳ ‘ಗೋ’ ಆಟದ ಹಲಗೆ ನೋಡುತ್ತಿದ್ದಾಗ ಹಾರಾ ಅವರಿಗೆ ಇದು ಹೊಳೆಯಿತಂತೆ. ಅಂದರೆ ಆಟದಿಂದ ಹುಟ್ಟಿದ್ದನ್ನು ನಾವು ಆಟಕ್ಕೇ ಒಯ್ಯುತ್ತಿದ್ದೇವೆ, ಕಂಪನಿಯವರು ತಕರಾರು ಮಾಡಲಿಕ್ಕಿಲ್ಲ. ಪೇಟೆಂಟ್ ಇದ್ದರೂ ಬಳಸುವವರಿಂದ ಅವರು ಹಣ ಕೇಳಲಿಲ್ಲ. ಕೇಳಿದ್ದರೆ ಇವತ್ತು ಸಿಂದಗಿ ಬಸ್‌ಸ್ಟ್ಯಾಂಡಿನ ಶೇಂಗಾ ಗಾಡಿಯ ಮೇಲೆ ಅದು ಇರುತ್ತಿರಲಿಲ್ಲ.

ಸಣ್ಣ ಕೋಡಿನಲ್ಲಿ ಅಡ್ಡ 21, ಉದ್ದ 21 ಚೌಕ. ಅತಿ ದೊಡ್ಡದರಲ್ಲಿ 177ಕ್ಕೆ 177. ಸುಳಿವು ಉದ್ದವಾದಷ್ಟೂ ಚೌಕ ಹೆಚ್ಚುತ್ತವೆ, ಚೌಕ ಹೆಚ್ಚಿದಷ್ಟೂ ಹಳೆಯ ಫೋನಿನ ಕ್ಯಾಮೆರಾ ಕಣ್ಣು ಕಿರಿದು ಮಾಡುತ್ತದೆ. ಇಲ್ಲಿ ಕನ್ನಡಕ್ಕೊಂದು ತೊಡಕಿದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಜಾಗ ಹಿಡಿದರೆ ಕನ್ನಡದ ಒಂದೊಂದು ಅಕ್ಷರ, ಗುಣಿತ, ಸೊನ್ನೆ ಪ್ರತ್ಯೇಕವಾಗಿ ಮೂರು ಬೈಟ್ ಕೇಳುತ್ತವೆ. ‘ಇಂಡಿ’ ಅಂತ ಬರೆದರೆ ಹನ್ನೆರಡು ಬೈಟ್, ಅದೇ ಊರನ್ನು ಇಂಗ್ಲಿಷಿನಲ್ಲಿ ಬರೆದರೆ ನಾಲ್ಕು. ಹಾಗಂತ ಇಂಗ್ಲಿಷಿನಲ್ಲಿ ಬರೆಯಬೇಡಿ. ಕನ್ನಡದಲ್ಲೇ ಬರೆಯಿರಿ, ಕಡಿಮೆ ಬರೆಯಿರಿ. ‘ಪ್ರೀತಿಯ ವಿದ್ಯಾರ್ಥಿ ಮಿತ್ರರೇ’ ಎಂದು ಶುರುವಾಗುವ ಸುಳಿವುಗಳನ್ನು ಯಂತ್ರವೇ ಶಿಕ್ಷಿಸುತ್ತದೆ.

ಸುಳಿವನ್ನು ಕೋಡಿನ ಒಳಗೇ ಅಕ್ಷರವಾಗಿ ತುಂಬಿಸಿ. ಆಗ ನೆಟ್ ಇಲ್ಲದ ಊರಲ್ಲೂ ಅದು ತೆರೆಯುತ್ತದೆ. ‘ಡೈನಾಮಿಕ್’ ಎಂದು ಆಸೆ ತೋರಿಸುವ ಜಾಲತಾಣಗಳ ಕೋಡು ಮೊದಲು ಅವರ ಮನೆಗೆ ಹೋಗಿ, ಅಲ್ಲಿಂದ ನಿಮ್ಮ ಸುಳಿವಿಗೆ ಬರುತ್ತದೆ. ಪುಕ್ಕಟೆ ಅವಧಿ ಮುಗಿದ ದಿನ ಅವರ ಮನೆಯ ಬಾಗಿಲು ಮುಚ್ಚಿರುತ್ತದೆ. ಆ ದಿನ ಸಾಮಾನ್ಯವಾಗಿ ನಿಮ್ಮ ಆಟದ ದಿನವೇ ಆಗಿರುತ್ತದೆ.

ಇನ್ನು ಚೀಟಿ ತಿನ್ನುವ ಆಡಿನ ವಿಷಯ. ಕೋಡಿನ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ಕ್ಯಾಮೆರಾ ಮೊದಲು ಹುಡುಕುವುದು ಅವನ್ನೇ. ನಾಲ್ಕನೆಯ ಮೂಲೆಯಲ್ಲಿ ಅಂಥ ಚೌಕವಿಲ್ಲ. ಕೋಡ್ ಮಾಡುವಾಗ ದೋಷ ತಿದ್ದುವ ಮಟ್ಟವನ್ನು ಎಲ್ಲಕ್ಕಿಂತ ಮೇಲಿನದಕ್ಕೆ ಇಟ್ಟರೆ ಸುಮಾರು 30 ಪ್ರತಿಶತ ಹಾಳಾದರೂ ಅದು ಓದಿಸಿಕೊಳ್ಳುತ್ತದೆ. ಆದ್ದರಿಂದ ಆಡು ನಾಲ್ಕನೆಯ ಮೂಲೆ ತಿಂದರೆ ಆಟ ನಡೆಯುತ್ತದೆ, ಉಳಿದ ಮೂರರಲ್ಲಿ ಒಂದನ್ನು ತಿಂದರೆ ನಿಲ್ಲುತ್ತದೆ. ಚೀಟಿ ಹಚ್ಚುವಾಗ ಬಲಗಡೆಯ ಕೆಳಮೂಲೆ ಆಡಿನ ಕಡೆಗಿರಲಿ. ಜಪಾನಿನವರು ಆಯಿಲ್, ಧೂಳು ಎಲ್ಲ ಲೆಕ್ಕ ಹಾಕಿದ್ದರು, ಇದೊಂದು ಉಳಿದುಬಿಟ್ಟಿದೆ.

ಸುಳಿವು ಬರೆಯುವ ಬಗೆ

ಕೈಪಿಡಿಯ ಮುಖ್ಯ ಭಾಗ ಇದು, ಉಳಿದದ್ದು ಗಮ್ ಮತ್ತು ಕತ್ತರಿಯ ಕೆಲಸ. ಒಂದೇ ನಿಯಮ: ಅದೇ ಫೋನಿನಲ್ಲಿ ಹುಡುಕಿದರೆ ಉತ್ತರ ಸಿಗುವ ಸುಳಿವನ್ನು ಹರಿದು ಹಾಕಿ. ‘ಆಲಮಟ್ಟಿ ಅಣೆಕಟ್ಟಿಗೆ ಎಷ್ಟು ಗೇಟು?’ ಎಂದು ಕೇಳಿದರೆ ಫೋನು ಉಸಿರು ಬಿಡದೆ 26 ಅನ್ನುತ್ತದೆ, ಹುಡುಗ ಚೀಟಿಯ ಮುಂದಿನಿಂದ ಕದಲುವುದೇ ಇಲ್ಲ. 1964ರಲ್ಲಿ ಅಡಿಗಲ್ಲು ಹಾಕಿದವರು ಯಾರು ಅಂದರೂ ಅಷ್ಟೆ, ಜಲಾಶಯದ ಹೆಸರಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿಗಳಿದ್ದಾರೆ. ಬದಲಿಗೆ ಹೀಗೆ ಕೇಳಿ: ‘ಹಿನ್ನೀರಿನಲ್ಲಿ ಹೋದ ಊರಿನಿಂದ ಬಂದ ಮನೆ ನಿಮ್ಮ ಓಣಿಯಲ್ಲಿ ಯಾವುದು? ಆ ಮನೆಯವರು ಬರುವಾಗ ಬಾಗಿಲು ಕಿತ್ತು ತಂದರೋ, ಬಿಟ್ಟು ಬಂದರೋ?’ ಇದಕ್ಕೆ ಫೋನಿನಲ್ಲಿ ಉತ್ತರವಿಲ್ಲ. ಹುಡುಗ ಯಾರದಾದರೂ ಮನೆಯ ಕಟ್ಟೆ ಹತ್ತಲೇಬೇಕು. ಹಳೆಯ ಕೊಲ್ಹಾರ ನೀರಿಗೆ ಹೋಯಿತು, ಕೊಲ್ಹಾರದ ಗಡಿಗೆಯ ಮೊಸರು ಹೊಸ ಊರಿಗೂ ಬಂತು. ಅದನ್ನು ಹೊತ್ತು ಮಾರಿದ ಅಜ್ಜಿಯೊಬ್ಬಳು ಸಿಕ್ಕರೆ ಆ ತಂಡದ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಸವನ ಬಾಗೇವಾಡಿಯಲ್ಲಿ ‘ಬಸವಣ್ಣನವರು ಹುಟ್ಟಿದ ಊರು ಯಾವುದು?’ ಎಂಬ ಸುಳಿವು ಇಡುವ ಮಾಸ್ತರರು ಇದ್ದಾರೆ. ಊರಿನ ಹೆಸರಲ್ಲೇ ಉತ್ತರ ಇಟ್ಟುಕೊಂಡು ಕೇಳಿದರೆ ಹುಡುಗರು ಮಾಸ್ತರರನ್ನೇ ಅನುಮಾನದಿಂದ ನೋಡುತ್ತಾರೆ. ಬಸವಣ್ಣನವರ ತಾಯಿಯ ತವರು ಇಂಗಳೇಶ್ವರ ಎನ್ನುತ್ತಾರಲ್ಲ, ಅಲ್ಲಿಂದ ಬಾಗೇವಾಡಿಗೆ ಗಾಡಿದಾರಿ ಯಾವ ಹೊಲಗಳ ನಡುವೆ ಬರುತ್ತಿತ್ತು ಎಂದು ಕೇಳಿ. ಡಾಂಬರು ರಸ್ತೆ ಬರುವ ಮೊದಲಿನ ದಾರಿ ಬಲ್ಲವರು ಪ್ರತಿ ಊರಲ್ಲೂ ಇನ್ನೂ ಒಬ್ಬಿಬ್ಬರಿದ್ದಾರೆ.

ಮುದ್ದೇಬಿಹಾಳದವರಿಗೆ ಸಿದ್ಧವಾಗಿಯೇ ಒಂದು ಬಲೆ ಇದೆ. 1565ರ ಜನವರಿಯಲ್ಲಿ ವಿಜಯನಗರದ ರಾಮರಾಯ ಸುಲ್ತಾನರ ಕೂಟಕ್ಕೆ ಸೋತು ಸತ್ತ ಕಾಳಗಕ್ಕೆ ಪುಸ್ತಕದಲ್ಲಿ ತಾಳಿಕೋಟೆಯ ಹೆಸರು. ಹುಡುಗರು ತಾಳಿಕೋಟೆಯ ಕಡೆ ಓಡುತ್ತಾರೆ. ಕಾಳಗದ ಇನ್ನೊಂದು ಹೆಸರು ರಕ್ಕಸಗಿ–ತಂಗಡಗಿ, ಅದು ಕೃಷ್ಣೆಯ ದಂಡೆಯ ಎರಡು ಊರು. ಯುದ್ಧ ನಿಜಕ್ಕೂ ಎಲ್ಲಿ ನಡೆಯಿತು ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ, ಅವರಿಗೆ ಯಾರೂ ಸುಳಿವು ಕೊಟ್ಟಿಲ್ಲ. ನಿಮ್ಮ ಹುಡುಗರನ್ನು ತಂಗಡಗಿಯ ಹೊಳೆದಂಡೆಗೆ ಕಳಿಸಿ. ಅಲ್ಲಿ ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳವೂ ಇದೆ. ಹೆಸರು ಕೊಟ್ಟ ಊರಿಗಿಂತ ಹೆಸರು ಹೋದ ಊರು ಹೆಚ್ಚು ಕಥೆ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ, ತಾಳಿಕೋಟೆಯವರು ಒಪ್ಪಬೇಕಾಗಿಲ್ಲ.

ಸಿಂದಗಿಯ ಕಡೆ ಸುಳಿವಿಗೆ ಬರವಿಲ್ಲ. ಮಡಿವಾಳ ಮಾಚಯ್ಯನ ಊರು ದೇವರ ಹಿಪ್ಪರಗಿ ಮೊನ್ನೆಮೊನ್ನೆಯವರೆಗೂ ಇದೇ ತಾಲೂಕು. ಶಾಸನ ಓದುವುದರಲ್ಲೇ ಆಯುಷ್ಯ ಸವೆಸಿದ ಎಂ.ಎಂ. ಕಲಬುರ್ಗಿ 1938ರಲ್ಲಿ ಹುಟ್ಟಿದ್ದು ಇಲ್ಲಿನ ಗುಬ್ಬೇವಾಡದಲ್ಲಿ. ಅಂಥವರು ಹುಟ್ಟಿದ ತಾಲೂಕಿನಲ್ಲಿ ಗುಡಿಯ ಮುಂದಿನ ಶಾಸನದ ಕಲ್ಲಿನ ಮೇಲೆ ಹುಡುಗರು ಕೂತು ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ. ಮಾಡಲಿ, ಆದರೆ ಕೂತ ಕಲ್ಲಿನ ಮೇಲೆ ಸೂರ್ಯ, ಚಂದ್ರ, ಆಕಳು ಎಲ್ಲಿ ಕೊರೆದಿದ್ದಾರೆ ಅಂತಲೇ ಮುಂದಿನ ಸುಳಿವು ಇಟ್ಟುಬಿಡಿ. ಥಟ್ಟನೆ ಎದ್ದು ನಿಲ್ಲುತ್ತಾರೆ.

ಇಂಡಿಗೆ ಬಂದರೆ ಲಿಂಬೆಯ ಮೇಲೆ ಸುಳಿವು ಬರೆಯುವ ಮೋಹ ಹುಟ್ಟುತ್ತದೆ. ಬಿಡಿ, ಅದು ಬಹುಮಾನದ ಶರಬತ್ತಿಗೆ ಇರಲಿ. ಇಂಡಿಯ ಗಣಿ ಇರುವುದು ಸಾಲೋಟಗಿಯಲ್ಲಿ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ವಸತಿಗಳಿದ್ದವು. ಇದೆಲ್ಲ ಕಂಬದ ಶಾಸನದಲ್ಲಿದೆ. ಎಲ್ಲಕ್ಕಿಂತ ನನಗೆ ಸೊಗಸೆನಿಸುವುದು ವಂತಿಗೆಯ ಲೆಕ್ಕ: ಊರವರು ಮದುವೆಯಾದರೆ ಐದು, ಮುಂಜಿವೆಗೆ ಎರಡೂವರೆ, ಜವಳಕ್ಕೆ ಒಂದೂಕಾಲು ‘ಪುಷ್ಪ’ ಎಂಬ ನಾಣ್ಯವನ್ನು ಶಾಲೆಗೆ ಕೊಡಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಓದಿ ಹೇಳಿ, ಮುಖಗಳನ್ನು ನೋಡಿ. ಹುಡುಗರಿಗೆ ಇದನ್ನು ಗಣಿತದ ಸುಳಿವು ಮಾಡಿ: ಒಂದು ವರ್ಷ ನಾಲ್ಕು ಮದುವೆ, ಎರಡು ಮುಂಜಿವೆ, ನಾಲ್ಕು ಜವಳವಾದರೆ ಶಾಲೆಗೆ ಎಷ್ಟು ಪುಷ್ಪ? ಮೂವತ್ತು. ಮೂವತ್ತನೆಯ ನಂಬರಿನ ಮನೆಯ ಗೋಡೆಯಲ್ಲಿ ಮುಂದಿನ ಚೀಟಿ. ನಾಲ್ಕರ ಕೋಷ್ಟಕ ತಪ್ಪಿದವರು ಯಾರದೋ ಮನೆಯ ನಾಯಿಯ ಮುಂದೆ ನಿಂತಿರುತ್ತಾರೆ, ಅದಕ್ಕಿಂತ ಒಳ್ಳೆಯ ಮೌಲ್ಯಮಾಪನ ಇಲ್ಲ.

ಹಲಸಂಗಿಯನ್ನು ಮರೆತರೆ ಕೈಪಿಡಿ ಅರ್ಧವಾದೀತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಈ ಗೆಳೆಯರು ಊರೂರು ತಿರುಗಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ ಆ ಹುಡುಕಾಟದಲ್ಲಿ ಸಿಕ್ಕಿದ್ದು. ನಮ್ಮ ಸೀಮೆಯಲ್ಲಿ ನಡೆದ ಎಲ್ಲಕ್ಕಿಂತ ದೊಡ್ಡ ಹುಡುಕಾಟ ಅದೇ, ಚೀಟಿ ಒಂದೂ ಇರಲಿಲ್ಲ. ಆದ್ದರಿಂದ ಒಂದು ಚೀಟಿಯಲ್ಲಿ ಸುಳಿವು ಇಡಬೇಡಿ. ‘ಈ ಓಣಿಯ ಎಲ್ಲರಿಗಿಂತ ಹಿರಿಯ ಅಜ್ಜಿಯ ಹತ್ತಿರ ಹೋಗಿ ಒಂದು ಒಗಟು ಕೇಳಿ, ಬಿಡಿಸಿದರೆ ಅವಳು ಮುಂದಿನ ಜಾಗ ಹೇಳುತ್ತಾಳೆ’ ಅಂತಷ್ಟೇ ಬರೆಯಿರಿ. ಅಜ್ಜಿಗೆ ಜಾಗದ ಹೆಸರು ಮೊದಲೇ ಹೇಳಿಟ್ಟಿರಬೇಕು. ಅವಳು ಒಂದು ಒಗಟಿಗೆ ಬಿಡುವುದಿಲ್ಲ, ‘ಯಾರ ಮಗ ನೀ? ನಿಮ್ಮವ್ವ ಆರಾಮದಾಳನು?’ ಎಂದು ಶುರುಮಾಡಿ ಶೇಂಗಾ ಕೊಟ್ಟು ಕೂಡಿಸುತ್ತಾಳೆ. ತಡವಾಯಿತೆಂದು ಹಲ್ಲು ಕಡಿಯಬೇಡಿ. ಆಟ ನಡೆಯುತ್ತಿರುವುದು ಅಲ್ಲಿಯೇ.

ದಿನ ಗೊತ್ತು ಮಾಡುವುದು

ಏಪ್ರಿಲ್ ಮೇ ತಿಂಗಳ ಮಾತು ಬೇಡ, ಚೀಟಿಗಿಂತ ಮೊದಲು ಹುಡುಗರು ಸುರುಳಿಯಾಗುತ್ತಾರೆ. ಎಳ್ಳ ಅಮಾವಾಸ್ಯೆ ಬೇಡ, ಇಡೀ ಊರು ಹೊಲದಲ್ಲಿ ಚರಗ ಚೆಲ್ಲುತ್ತಿರುತ್ತದೆ. ಸಂಕ್ರಾಂತಿ ಬೇಡ, ಎಲ್ಲರೂ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿರುತ್ತಾರೆ. ಇವೆರಡರ ನಡುವೆ ಶನಿವಾರವೊಂದು ಸಿಕ್ಕರೆ ಹಿಡಿಯಿರಿ. ನಾಲ್ಕೂ ತಾಲೂಕಿಗೆ ಸೇರಿ ಒಂದೇ ಆಟ ಇಡುವ ಹುರುಪು ಮೇಲಿನವರಿಗೆ ಬಂದರೆ ಸಮ್ಮತಿಸಿ ತಲೆಯಾಡಿಸಿ, ಆದೇಶ ಬರುವವರೆಗೆ ಕಾಯಿರಿ. ಭೀಮೆಯ ಈಚೆಯಿಂದ ಕೃಷ್ಣೆಯವರೆಗೆ ಓಡುವ ಹುಡುಗ ಇನ್ನೂ ಹುಟ್ಟಿಲ್ಲ.

ದೋಷ ಮತ್ತು ಪರಿಹಾರ

‘ಸರ, ಸ್ಕ್ಯಾನ್ ಆಗವಲ್ದ್ರಿ.’ ಕ್ಯಾಮೆರಾದ ಗಾಜನ್ನು ಅಂಗಿಯ ತುದಿಯಿಂದ ಒರೆಸಿ. ಮುಕ್ಕಾಲು ದೂರು ಇಲ್ಲಿಗೆ ಮುಗಿಯುತ್ತವೆ, ಬೆಳಗಿನ ಒಗ್ಗರಣಿಯ ಎಣ್ಣೆ ಅದರ ಮೇಲಿರುತ್ತದೆ.

‘ಸರ, ಇದು ರೊಕ್ಕ ಕೇಳಾಕತ್ತೈತ್ರಿ.’ ತಂಡ ಕಿರಾಣಿ ಅಂಗಡಿಯ ಕೋಡ್ ಸ್ಕ್ಯಾನ್ ಮಾಡಿದೆ. ಅಂಗಡಿಯವನಿಗೆ ಹತ್ತು ರೂಪಾಯಿ ಹೋಗಿದ್ದರೆ ಪೆಪ್ಪರಮೆಂಟ್ ಇಸಿದುಕೊಳ್ಳಲು ಹೇಳಿ. ಆದರೆ ಈ ಒಂದು ದೋಷವನ್ನು ನಗೆಯಲ್ಲಿ ತೇಲಿಸಬೇಡಿ. ಎಲ್ಲ ಹುಡುಗರನ್ನೂ ಕೂಡಿಸಿ ಹೇಳಿ: ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಪಿನ್ ಒತ್ತುವುದು ದುಡ್ಡು ಹೋಗುವುದಕ್ಕೆ ಮಾತ್ರ. ‘ಸ್ಕ್ಯಾನ್ ಮಾಡ್ರಿ, ನಿಮ್ಮ ಖಾತೆಗೆ ಹಣ ಬರ್ತದ’ ಅಂದವನು ಕಳ್ಳ. ಹುಡುಗರು ಇದನ್ನು ಸಂಜೆ ಮನೆಗೆ ಒಯ್ಯುತ್ತಾರೆ, ಆಡು ಮಾರಿದ ರೊಕ್ಕ ಖಾತೆಯಲ್ಲಿಟ್ಟ ಅಪ್ಪನಿಗೆ ಅದು ಬೇಕಾದ ಮಾತು.

ಗುಡಿಕಟ್ಟೆಯ ಮೇಲಿನ ಅಜ್ಜ ‘ಇದಕ್ಕ ರೊಕ್ಕ ಹಾಕೂದೈತೇನು?’ ಎಂದು ಚೀಟಿಯ ಮುಂದೆ ನಿಂತಿದ್ದರೆ ಅದು ದೋಷವಲ್ಲ. ಅವರನ್ನೂ ಒಂದು ತಂಡಕ್ಕೆ ಸೇರಿಸಿ. ಗೆಲ್ಲುವ ತಂಡ ಅದು.

ಒಂದೇ ಹುಡುಗ ಫೋನ್ ಹಿಡಿದುಕೊಂಡು ಯಾರಿಗೂ ಕೊಡದಿದ್ದರೆ ಪ್ರತಿ ಚೀಟಿಗೂ ಕೈ ಬದಲಾಗಬೇಕೆಂಬ ನಿಯಮ ಮಾಡಿ, ಮೊದಲ ಸರದಿ ಹಿಂದಿನ ಬೆಂಚಿನ ಹುಡುಗಿಯದು.

ಖಾತರಿ

ಇಲ್ಲ.

ಆಟ ಮುಗಿದ ಮೇಲೆ

ಬಹುಮಾನ ಹಂಚಿ, ಶರಬತ್ತು ಕುಡಿಸಿ, ಫೋಟೋ ಕಳಿಸಿ. ನಂತರ ಮರೆಯಬಾರದ ಕೆಲಸವೊಂದಿದೆ. ಹಚ್ಚಿದ ಚೀಟಿಗಳನ್ನು ಎಣಿಸಿ ಕಿತ್ತು ತನ್ನಿ, ಒಂದೂ ಗೋಡೆಯ ಮೇಲೆ ಉಳಿಯಬಾರದು. ಬಿಟ್ಟ ಚೀಟಿಯ ಮೇಲೆ ನಾಳೆ ಯಾರಾದರೂ ತಮ್ಮ ಕೋಡ್ ಅಂಟಿಸಿದರೆ ನಿಮ್ಮ ಹುಡುಗರೇ ಮೊದಲು ಅದನ್ನು ಸ್ಕ್ಯಾನ್ ಮಾಡುತ್ತಾರೆ, ನೀವು ಕಲಿಸಿದ್ದೀರಲ್ಲ. ಹಳೆಯ ಗುಡಿಯ ಕಂಬಕ್ಕೆ, ಶಾಸನದ ಕಲ್ಲಿಗೆ, ವೀರಗಲ್ಲಿಗೆ ಮೊದಲಿಗೇ ಗಮ್ ಮುಟ್ಟಿಸಬೇಡಿ, ಪಕ್ಕದ ಬೇವಿನ ಗಿಡಕ್ಕೆ ದಾರದಿಂದ ಕಟ್ಟಿ. ದಯವಿಟ್ಟು ದಾರವನ್ನೂ ಬಿಚ್ಚಿ ತನ್ನಿ.